ಕಣ್ಣು ತಪ್ಪಿಸಿದವರೆಲ್ಲ ಸುಳ್ಳು ಹೇಳುತ್ತಾರಾ? ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

"ಮುಖ ನೋಡಿ ಮಾತಾಡದವರು, ಮೂಗು ಮುಟ್ಟಿಕೊಳ್ಳುವವರು, ಬಲಗಡೆ ಮೇಲೆ ನೋಡಿ ಉತ್ತರ ಕೊಡುವವರು ಸುಳ್ಳುಗಾರರು." ಎದುರಿನವರ ಮನಸ್ಸು ಓದುವುದನ್ನು ಹೇಳಿಕೊಡುವ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ನಮ್ಮಲ್ಲಿ ಗಾದೆಯೇ ಇದೆ: ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ಹೆಗಲು ಮುಟ್ಟಿಕೊಂಡವನೇ ಕಳ್ಳ ಎನ್ನಬಹುದೇ? ನೋಡೋಣ.

ಸಂಶೋಧನೆ ಏನು ಹೇಳುತ್ತದೆ?

2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 58 ದೇಶಗಳ ಜನರಿಗೆ "ಸುಳ್ಳನ್ನು ಹೇಗೆ ಕಂಡುಹಿಡಿಯುತ್ತೀರಿ?" ಎಂದು ಕೇಳಲಾಯಿತು. ಅತಿ ಹೆಚ್ಚು ಬಂದ ಉತ್ತರ, "ಕಣ್ಣು ತಪ್ಪಿಸುತ್ತಾರೆ" ಎಂಬುದು. ನಂಬಿಕೆ ಲೋಕವ್ಯಾಪಿ, ನಿಜ. ಆದರೆ ಅದೇ ವರ್ಷ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು 24,000ಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಸುಳ್ಳು–ನಿಜ ಗುರುತಿಸುವಲ್ಲಿ ಜನ ಸರಿಯಾಗಿದ್ದದ್ದು ಸರಾಸರಿ ಶೇ. 54 ಸಲ ಮಾತ್ರ. ನಾಣ್ಯ ಚಿಮ್ಮಿದರೂ ಶೇ. 50 ಸಿಗುತ್ತದೆ! ವೃತ್ತಿಯಲ್ಲೇ ಈ ಕೆಲಸ ಮಾಡುವ ಪೊಲೀಸರಂಥವರ ಸಾಧನೆಯೂ ಸಾಮಾನ್ಯರಿಗಿಂತ ಉತ್ತಮವಾಗಿರಲಿಲ್ಲ.

ಬಲಗಡೆ ನೋಡಿದರೆ ಸುಳ್ಳು, ಎಡಗಡೆ ನೋಡಿದರೆ ನಿಜ ಎಂಬುದನ್ನು ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಪರೀಕ್ಷಿಸಿದರು. ಅದಕ್ಕೆ ಯಾವ ಆಧಾರವೂ ಸಿಗಲಿಲ್ಲ.

ಪೀಣ್ಯದ ಒಂದು ಶೆಡ್‌ನಲ್ಲಿ

ಉದಾಹರಣೆಗೆ, ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಅಳತೆಯ ವರ್ನಿಯರ್ ಕಾಣೆಯಾಗಿದೆ ಎಂದುಕೊಳ್ಳೋಣ. ಸೂಪರ್‌ವೈಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳುತ್ತಾರೆ. ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದ ಹೊಸ ಹುಡುಗ ತಲೆ ತಗ್ಗಿಸುತ್ತಾನೆ, ಬೆವರುತ್ತಾನೆ, ತೊದಲುತ್ತಾನೆ. "ಇವನೇ" ಎಂದು ಎಲ್ಲರೂ ಅಂದುಕೊಳ್ಳುತ್ತಾರೆ.

ಆದರೆ ಹಿರಿಯರ ಮುಂದೆ ತಲೆ ತಗ್ಗಿಸುವುದು ಅವನ ಮನೆಯಲ್ಲಿ ಕಲಿಸಿದ ಮರ್ಯಾದೆ ಇರಬಹುದು. ಬೆವರಿಗೆ ಕಾರಣ, ಕೆಲಸ ಹೋದೀತೆಂಬ ಭಯ ಇರಬಹುದು. ತೊದಲಿಗೆ ಕಾರಣ ಭಾಷೆ. ಕಳ್ಳನಿಗೆ ಸಿಕ್ಕಿಬೀಳುವ ಭಯ, ನಿರಪರಾಧಿಗೆ ತನ್ನನ್ನು ಯಾರೂ ನಂಬುವುದಿಲ್ಲವೆಂಬ ಭಯ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಒಮ್ಮೆ ಅನುಮಾನ ಹುಟ್ಟಿದರಂತೂ ಅವನು ನಕ್ಕರೂ ಪುರಾವೆ, ಅತ್ತರೂ ಪುರಾವೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವುದು ಇದನ್ನೇ.

ಯಂತ್ರಕ್ಕಾದರೂ ಗೊತ್ತಾಗುತ್ತದೆಯೇ?

ಇಲ್ಲ. ಸುಳ್ಳು ಪತ್ತೆ ಯಂತ್ರ, ಅಂದರೆ ಪಾಲಿಗ್ರಾಫ್, ಅಳೆಯುವುದು ರಕ್ತದೊತ್ತಡ, ಉಸಿರಾಟ ಮತ್ತು ಬೆವರಿನ ಏರಿಳಿತವನ್ನು. ಸುಳ್ಳನ್ನಲ್ಲ. ಈ ವಿಷಯದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತೀರ್ಪು ಬಂದದ್ದು ನಮ್ಮ ರಾಜ್ಯದ ಹೆಸರಿರುವ ಮೊಕದ್ದಮೆಯಲ್ಲೇ. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಮಂಪರು ಪರೀಕ್ಷೆ, ಪಾಲಿಗ್ರಾಫ್ ಮತ್ತು ಬ್ರೈನ್ ಮ್ಯಾಪಿಂಗ್ ಅನ್ನು ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ ಎಂದು ಹೇಳಿತು. ಹಾಗೆ ಮಾಡಿದರೆ ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆಯಾಗುತ್ತದೆ.

ಈ ತಪ್ಪು ತಿಳಿವಳಿಕೆಯ ಬೆಲೆ

2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ರಾಜಸ್ಥಾನ ಮೂಲದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಜನ ಹೊಡೆದು ಕೊಂದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಗುಂಪಿನ ಹಲ್ಲೆಗೆ ಬಲಿಯಾದರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ವಾಟ್ಸಾಪ್‌ನಲ್ಲಿ ಹರಿದಾಡಿದ್ದ ವದಂತಿಗಳು ಜನರನ್ನು ಮೊದಲೇ ಹೆದರಿಸಿದ್ದವು. ಹಾಗಾಗಿ ಪ್ರೀತಿಯಿಂದ ಕೊಟ್ಟ ಮಿಠಾಯಿಯೂ ಅಪರಾಧದ ಲಕ್ಷಣವಾಗಿ ಕಂಡಿತು.

ಹಾಗಾದರೆ ಇನ್ನೊಬ್ಬರನ್ನು ಅರಿಯುವುದು ಹೇಗೆ?

* ಊಹಿಸಬೇಡಿ, ಕೇಳಿ. 2018ರಲ್ಲಿ ಪ್ರಕಟವಾದ 25 ಪ್ರಯೋಗಗಳ ಸರಣಿಯಲ್ಲಿ, "ಅವರ ಜಾಗದಲ್ಲಿ ನಾನಿದ್ದರೆ" ಎಂದು ಕಲ್ಪಿಸಿಕೊಂಡವರ ಅಂದಾಜು ಹೆಚ್ಚು ನಿಖರವಾಗಲಿಲ್ಲ. ನೇರವಾಗಿ ಮಾತಾಡಿ ತಿಳಿದುಕೊಂಡವರದು ನಿಖರವಾಯಿತು.
* ಮುಖವನ್ನಲ್ಲ, ವಿವರವನ್ನು ನೋಡಿ. "ಯಾವ ಶಿಫ್ಟ್? ಕೊನೆಗೆ ಯಾರಿಗೆ ಕೊಟ್ಟೆ?" ಎಂಬ ಪ್ರಶ್ನೆಗಳ ಉತ್ತರವನ್ನು ರಿಜಿಸ್ಟರ್‌ನಲ್ಲೋ ಸಿಸಿಟಿವಿಯಲ್ಲೋ ತಾಳೆ ನೋಡಬಹುದು. ಬೆವರನ್ನು ತಾಳೆ ನೋಡಲಾಗದು.
* ಒಬ್ಬರನ್ನೇ ಕರೆದು, ಅವರ ಭಾಷೆ ಬಲ್ಲವರ ಮೂಲಕ, ಗದರಿಸದೆ ಮಾತಾಡಿ. ಹತ್ತು ಜನರ ಮುಂದೆ ನಿಲ್ಲಿಸಿದರೆ ಯಾರಾದರೂ ತಡವರಿಸುತ್ತಾರೆ.
* ಅಪರಿಚಿತರ ಮೇಲೆ ಅನುಮಾನ ಬಂದರೆ ಫೋಟೊ ಹಂಚಬೇಡಿ. 112ಕ್ಕೆ ಕರೆ ಮಾಡಿ.

ಕೊನೆಯ ಮಾತು

ಮುಖ, ಕಣ್ಣು, ಕೈ ನೋಡಿ ಸುಳ್ಳು ಪತ್ತೆ ಮಾಡಬಹುದು ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ಒಬ್ಬರು ಗಾಬರಿಯಾಗಿದ್ದಾರೆ ಎಂಬುದನ್ನು ಅವು ತೋರಿಸಬಹುದು, ಏಕೆ ಗಾಬರಿಯಾಗಿದ್ದಾರೆ ಎಂಬುದನ್ನಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು ಎಂಬುದೂ ನಮ್ಮದೇ ಗಾದೆ. ಕುಂಬಳಕಾಯಿಯ ಗಾದೆ ನೆನಪಾದಾಗಲೆಲ್ಲ ಇದನ್ನೂ ನೆನಪಿಸಿಕೊಳ್ಳೋಣ.