ದೇಸಾಯರ ಕುದುರೆ, ತಳವಾರರ ಕೋಲು

ಒಂಬತ್ತನೆಯ ಇಯತ್ತೆಯಲ್ಲಿ ಇತಿಹಾಸದ ಗುರುಗಳು ಜಪಾನಿನ ಊಳಿಗಮಾನ್ಯ ಪದ್ಧತಿ ಕಲಿಸುತ್ತಿದ್ದರು. ಡೈಮಿಯೊ ಎಂಬ ಸರದಾರನು ಸಮುರಾಯ್ ಯೋಧರಿಗೆ ಭೂಮಿಯನ್ನೋ ಅಕ್ಕಿಯನ್ನೋ ಕೊಡುತ್ತಿದ್ದ, ಅವರು ಅವನಿಗಾಗಿ ಕಾದುತ್ತಿದ್ದರು ಎಂದವರೇ, “ಅಷ್ಟ ದೂರ ಯಾಕ್ರೋ, ನಮ್ಮ ನಿಪ್ಪಾಣಿ ನೋಡ್ರಿ” ಅಂದರು.

ನಿಪ್ಪಾಣಿಯ ದೇಸಾಯರಾದ ಸಿದ್ಧೋಜಿರಾವ ನಿಂಬಾಳಕರರು ಪೇಶ್ವೆಯ ಸರದಾರರು. ಅವರಿಗಿದ್ದ ಸರಂಜಾಮು ಭೂಮಿ ಬರೀ ಬಹುಮಾನವಲ್ಲ. ಅದರ ಉತ್ಪನ್ನದಲ್ಲಿ ಕುದುರೆ ಸವಾರರನ್ನು ಸಾಕಿ, ಕರೆ ಬಂದಾಗ ದಂಡಿಗೆ ಹೋಗಬೇಕು. ಕೃಷ್ಣೆಯ ಆಸುಪಾಸಿನ ಪಟವರ್ಧನರ ಜಹಗೀರುಗಳದೂ ಇದೇ ಕರಾರು. 1839ರಲ್ಲಿ ಸಿದ್ಧೋಜಿರಾವರು ತೀರಿಕೊಂಡ ಮೇಲೆ ಇಂಗ್ಲಿಷರು ಆ ಸೀಮೆಯನ್ನು ವಶಪಡಿಸಿಕೊಂಡರು.

ಮೇಲಿನವರದು ಅಲ್ಲಿಗೆ ಮುಗಿಯಿತು, ಕೆಳಗಿನವರದು ಮುಗಿಯಲಿಲ್ಲ. ಪಾಟೀಲ, ಕುಲಕರ್ಣಿ, ತಳವಾರ, ಎಲ್ಲರದೂ ವತನವೇ. ನಮ್ಮಜ್ಜ ತಳವಾರ. ತುಂಡು ಹೊಲಕ್ಕಾಗಿ ರಾತ್ರಿ ಊರು ಕಾಯಬೇಕು, ಚಾವಡಿಗೆ ಜನರನ್ನು ಕರೆತರಬೇಕು, ಸಾಹೇಬರು ಬಂದರೆ ಗಂಟು ಹೊರಬೇಕು. ಚಾಕರಿ ಬಿಟ್ಟರೆ ಹೊಲಕ್ಕೇ ಸಂಚಕಾರ. ಅಜ್ಜ ಜ್ವರ ಬಂದು ಮಲಗಿದಾಗ ಅಪ್ಪನೇ ಕೋಲು ಹಿಡಿದು ಹೋಗುತ್ತಿದ್ದ, ಆಗಿನ್ನೂ ಹುಡುಗ. ಅವನ ಶಾಲೆ ತಪ್ಪಿದ್ದೂ ಹಾಗೆಯೇ. ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದುಮಾಡುವ 1961ರ ಕಾಯ್ದೆ ಜಾರಿಗೆ ಬಂದದ್ದು 1963ರಲ್ಲಿ. ಅಷ್ಟರಲ್ಲಿ ಅಪ್ಪನಿಗೆ ಮೀಸೆ ಬಂದಿತ್ತು.

ಮುಂದೆ ಈ ಶಾಲೆಗೆ ನನ್ನ ಹೆಸರು ಹಚ್ಚಲು ಬಂದಾಗ ಅಪ್ಪ ಹೆಬ್ಬೆಟ್ಟು ಒತ್ತಿದ.

ವಾರ್ಷಿಕ ಪರೀಕ್ಷೆಯಲ್ಲಿ ಸಮುರಾಯ್ ಬಗ್ಗೆ ಐದು ಅಂಕದ ಪ್ರಶ್ನೆ ಬಂತು. ನಾನು ಅಜ್ಜನ ಬಗ್ಗೆಯೂ ಬರೆದೆ. ಗುರುಗಳು ಮೂರು ಅಂಕ ಕೊಟ್ಟು, ಕೆಳಗೆ ಕೆಂಪು ಶಾಯಿಯಲ್ಲಿ “ಅಜ್ಜನನ್ನು ಭೇಟಿ ಮಾಡಿಸು” ಎಂದು ಬರೆದಿದ್ದರು.