ಹೊಗೆ ಹಾಕಿದ್ದು ದೆವ್ವಕ್ಕಲ್ಲ

ಟೇಕಲ್‌ನಲ್ಲಿ ರೈಲಿಳಿದರೆ ಮೊದಲು ಕಾಣೋದು ಬಂಡೆ. ಒಂದರ ಮೇಲೊಂದು ಪೇರಿಸಿಟ್ಟ ಹಾಗಿರೋ ಗುಂಡುಗಳು. ಚಿಕ್ಕವನಿದ್ದಾಗ ರಜಕ್ಕೆ ಅಲ್ಲಿನ ಅಜ್ಜಿ ಮನೆಗೆ ಹೋಗ್ತಿದ್ದೆ. ಹೊತ್ತು ಮುಳುಗಿದ ಮೇಲೆ ಬೆಟ್ಟದ ಕಡೆ ಹೋಗಬೇಡ, ಗಾಳಿ ಸೋಕುತ್ತೆ ಅಂತಿದ್ದರು ಅಜ್ಜಿ. ಆಗ ಮನೆ ಮನೆ ಬಾಗಿಲ ಮೇಲೂ 'ನಾಳೆ ಬಾ' ಅಂತ ಬರೆಯೋ ಕಾಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನವರೇ ಬರೆದುಕೊಂಡಿದ್ದರು, ಇನ್ನು ಹಳ್ಳಿಯವರನ್ನ ಯಾಕೆ ನಗೋಣ?

ಆ ವರ್ಷವೇ ನನ್ನ ಚಿಕ್ಕಮ್ಮ ನೀರು ಸೇದುತ್ತಾ ದೊಪ್ಪನೆ ಬಿದ್ದರು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ. ಅವರಿಗೆ ಹದಿನೇಳು ವರ್ಷ. ದೆವ್ವ ಮೆಟ್ಟಿಕೊಂಡಿದೆ ಅಂತ ಬೀದಿಯವರೆಲ್ಲ ತೀರ್ಮಾನ ಮಾಡಿದರು. ಮಂತ್ರವಾದಿ ಬಂದ. ಬೇವಿನ ಸೊಪ್ಪಿನಲ್ಲಿ ಶುರುವಾದದ್ದು ಮೆಣಸಿನಕಾಯಿ ಹೊಗೆಗೆ ಹೋಯಿತು. ಕೂದಲು ಹಿಡಿದು 'ಯಾರು ನೀನು, ಹೇಳು' ಅಂತ ಕೇಳಿದ. ಚಿಕ್ಕಮ್ಮ ಕೊನೆಗೆ ಸತ್ತುಹೋದ ಯಾರದೋ ಹೆಸರು ಹೇಳಿದರು. ಎಲ್ಲರಿಗೂ ನಿರಾಳ.

ಸ್ನೇಹಿತರೇ, ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿ ದೆವ್ವ ಓಡಿಸೋ ಮಂತ್ರಗಳಿವೆ. ಅಥರ್ವವೇದದಲ್ಲಿ ಪಿಶಾಚಿಗಳನ್ನು ಅಟ್ಟುವ ಸೂಕ್ತಗಳಿವೆ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದರ ಹೆಸರೇ ಭೂತವಿದ್ಯೆ. ರೋಗಾಣು, ನರಮಂಡಲ ಯಾವುದೂ ಗೊತ್ತಿಲ್ಲದ ಕಾಲದಲ್ಲಿ, ಮನುಷ್ಯ ಇದ್ದಕ್ಕಿದ್ದ ಹಾಗೆ ಬೇರೆಯವನಾಗಿಬಿಟ್ಟರೆ ಬೇರೆ ಯಾರೋ ಒಳಗೆ ಹೊಕ್ಕಿದ್ದಾರೆ ಅನ್ನೋದು ಸಹಜವಾದ ಊಹೆ. ಅದನ್ನು ಮೂರ್ಖತನ ಅನ್ನೋಕೆ ನನಗೆ ಮನಸ್ಸಿಲ್ಲ.

ಆದರೆ ಆ ಊಹೆಯನ್ನು ಪ್ರಶ್ನೆ ಮಾಡಿದವರೂ ಅಷ್ಟೇ ಹಳಬರು. ಸುಮಾರು 2400 ವರ್ಷಗಳ ಹಿಂದೆ, ಹಿಪೊಕ್ರೆಟಿಸ್ ಹೆಸರಿನಲ್ಲಿರುವ ಗ್ರೀಕ್ ಗ್ರಂಥವೊಂದು ಮೂರ್ಛೆರೋಗದ ಮೂಲ ಮೆದುಳು, ಅದರಲ್ಲಿ ದೈವದ್ದೇನೂ ವಿಶೇಷ ಇಲ್ಲ ಅಂದಿತು. ನಮ್ಮ ಚರಕ ಸಂಹಿತೆ ಭೂತಬಾಧೆಯ ಉನ್ಮಾದವನ್ನು ವಿವರಿಸುತ್ತಲೇ, ನಿನ್ನ ತಪ್ಪಿನಿಂದ ಬಂದ ರೋಗಕ್ಕೆ ದೇವರನ್ನಾಗಲಿ, ಪಿತೃಗಳನ್ನಾಗಲಿ, ರಾಕ್ಷಸರನ್ನಾಗಲಿ ದೂರಬೇಡ ಅನ್ನುತ್ತದೆ. ನಮ್ಮ ಪರಂಪರೆ ಅಂತ ಎದೆ ತಟ್ಟಿಕೊಳ್ಳೋರು ಈ ಮಾತನ್ನೂ ಎತ್ತಿ ಹೇಳಬೇಕಲ್ವಾ?

ಮುಂದುವರಿದ ದೇಶಗಳು ಇದನ್ನೆಲ್ಲ ಬಿಟ್ಟಿವೆ ಅಂದ್ಕೋಬೇಡಿ. ಕ್ಯಾಥೊಲಿಕ್ ಚರ್ಚ್ 1614ರಲ್ಲಿ ದೆವ್ವ ಬಿಡಿಸೋ ವಿಧಿಯನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿತು. 1975-76ರಲ್ಲಿ ಜರ್ಮನಿಯ ಆನೆಲೀಸ್ ಮಿಷೆಲ್ ಎಂಬ 23ರ ಯುವತಿಗೆ 67 ಸಲ ಆ ವಿಧಿ ನಡೆಸಿದರು. ಆಕೆಗೂ ಮೂರ್ಛೆರೋಗ ಇತ್ತು. ಅನ್ನ ನೀರು ಬಿಟ್ಟು ಸೊರಗಿ ಸತ್ತಳು. ತಂದೆತಾಯಿ, ಇಬ್ಬರು ಪಾದ್ರಿಗಳು ತಪ್ಪಿತಸ್ಥರು ಅಂತ ಕೋರ್ಟ್ ಹೇಳಿತು.

ಎಲ್ಲವೂ ಮೂರ್ಛೆರೋಗವೂ ಅಲ್ಲ. ದೇವಲ ಗಾಣಗಾಪುರದಲ್ಲಿ ಮಹಾಮಂಗಳಾರತಿ ಹೊತ್ತಿಗೆ ಮೈಮೇಲೆ ಬಂದು ಕೂಗಾಡೋರನ್ನು ನೋಡಿದ್ದೀರಿ. ದಿನವೂ ತಲೆ ತಗ್ಗಿಸಿ ನಿಲ್ಲೋ ಸೊಸೆ ಮೈಮೇಲೆ ಬಂದಾಗ ಅತ್ತೆಯನ್ನೇ ಏಕವಚನದಲ್ಲಿ ಗದರಿಸುತ್ತಾಳೆ, ಮನೆಯವರು ಕೈ ಮುಗಿದು ಕೇಳುತ್ತಾರೆ. ಮನೋವೈದ್ಯಶಾಸ್ತ್ರ ಇಂಥದ್ದನ್ನೂ ಒಂದು ತೊಂದರೆ ಅಂತ ಗುರುತಿಸಿದೆ, ನಾಟಕ ಅಂತ ತಳ್ಳಿಹಾಕಿಲ್ಲ. ಬೇರೆ ದಾರಿ ಇಲ್ಲದ ನೋವು ಹೀಗೂ ಬಾಯಿ ಬಿಡುತ್ತೆ.

ನೋವನ್ನು ಕೇಳಿಸಿಕೊಳ್ಳೋದು ಬೇರೆ, ಹೊಡೆಯೋದು ಬೇರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ವಾಸಿಯಾಗಲಿ ಅಂತ ದರ್ಗಾದ ಊರಿಗೆ ತಂದು ಬಿಟ್ಟಿದ್ದ, ಕಾಲಿಗೆ ಸರಪಳಿ ಬಿಗಿದಿದ್ದ ಮಾನಸಿಕ ಅಸ್ವಸ್ಥರು ಓಡಲಾಗದೆ ಸತ್ತರು. ಸತ್ತವರು 28 ಮಂದಿ. ಸರಪಳಿ ಹಾಕೋದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸೋ ನೆಪದಲ್ಲಿ ಕಟ್ಟಿಹಾಕೋದು, ಹೊಡೆಯೋದು, ಮೆಣಸಿನಕಾಯಿ ಹೊಗೆ ಹಾಕೋದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಅದು 2020ರಲ್ಲಿ ಜಾರಿಗೆ ಬಂತು. ನಮ್ಮ ಚಿಕ್ಕಮ್ಮನಿಗೆ ತಡವಾಯಿತು.

1864ರಲ್ಲಿ ಬೆಂಗಳೂರಿಗೆ ಮೊದಲ ರೈಲು ಬಂದದ್ದು ಟೇಕಲ್ ಮೇಲೆ ಹಾದುಹೋಗೋ ಈ ದಾರಿಯಲ್ಲೇ. ನಿಮ್ಹಾನ್ಸ್ 1974ರಲ್ಲೇ ಇತ್ತು. ಒಂದು ಟಿಕೆಟ್ ತಗೊಂಡಿದ್ದರೆ ಸಾಕಿತ್ತು. ಆ ಟಿಕೆಟ್ ತಗೊಳ್ಳೋಕೆ ನಮ್ಮ ಮನೆಗೆ ಎರಡು ವರ್ಷ ಬೇಕಾಯ್ತು. ಮಾತ್ರೆ ಶುರುವಾದ ಮೇಲೆ ಬೀಳೋದು ನಿಂತಿತು. ಅಜ್ಜಿ ಮಾತ್ರೆ ಕೊಡ್ತಾ ತಾಯತವನ್ನೂ ಕಟ್ಟಿದರು. ಡಾಕ್ಟರು ಅದಕ್ಕೆ ಜಗಳ ಆಡಲಿಲ್ಲ, ಮಾತ್ರೆ ಮಾತ್ರ ಬಿಡಬೇಡಿ ಅಂದರು.

ನಾನು ಇಂಜಿನಿಯರಿಂಗ್ ಓದಿ ಟೀವಿಗೆ ಬಂದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾಳು ಬಂಗಲೆಯ ದೆವ್ವದ ಮೇಲೆ ಅರ್ಧ ಗಂಟೆ ಕಾರ್ಯಕ್ರಮ ಓದಿದ್ದೇನೆ. ಹಿಂದೆ ಗೆಜ್ಜೆ ಸದ್ದು, ಟಿಆರ್‌ಪಿ ಚೆನ್ನಾಗಿ ಬಂತು. ಅದನ್ನು ನೋಡಿದ ಚಿಕ್ಕಮ್ಮ ಫೋನ್ ಮಾಡಿದರು. ಆ ದಿನ ಯಾರದೋ ಹೆಸರು ಯಾಕೆ ಹೇಳಿದೆ ಗೊತ್ತೇನೋ ಅಂದರು. ಹೇಳಿದರೆ ಹೊಗೆ ನಿಲ್ಲಿಸ್ತಾನೆ ಅಂತ ಹೇಳಿದೆ ಕಣೋ.

ಆಮೇಲೆ ನಾನು ಅಂಥ ಕಾರ್ಯಕ್ರಮ ಓದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಬಿದ್ದರೆ ಪೂಜೆ ಮಾಡಿಸಿ, ನಾನು ಬೇಡ ಅನ್ನಲ್ಲ. ಆದರೆ ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹೊಗೆ ಹಾಕಿದರೆ ಉಸಿರು ಕಟ್ಟೋದು ದೆವ್ವಕ್ಕಲ್ಲ, ನಿಮ್ಮ ಮಗಳಿಗೆ.