ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ: ಆಂಪ್ಲಿಫೈಯರ್ ಮತ್ತು ಸ್ಪೀಕರ್ ಜೋಡಿಯ ನೂರು ವರ್ಷದ ಕಥೆ

(1/6) ಸೇವ್ ಮಾಡ್ಕೊಳ್ಳಿ, ಉದ್ದ ಇದೆ.

ಹೋದ ವಾರ ನಮ್ಮ ಕ್ಲಾಸಿನ ನಾಲ್ಕು ಜನ ಮೆಸೇಜ್ ಮಾಡಿದ್ರಿ. ದುಡ್ಡು ಕೂಡಿಸಿ ಚಿಕ್ಕದೊಂದು ಮೊಬೈಲ್ ಡಿಸ್ಕೋ ಸೆಟ್ ಮಾಡ್ತಿದ್ದೀರಿ, ಹುಟ್ಟುಹಬ್ಬ, ಆರತಕ್ಷತೆ, ಹಾಸ್ಟೆಲ್ ಡೇಗೆ ಬಾಡಿಗೆಗೆ ಹೋಗೋಕೆ. "ಸ್ಪೀಕರ್ ಸಿಕ್ಕಿದೆ, ಆಂಪ್ ಯಾವುದು? ಅಂಗಡಿಯವರು 5000 ವ್ಯಾಟ್ ಅಂತಾರೆ" ಅಂತ ಕೇಳಿದ್ರಿ.

ಮೊದಲು ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ ನಮ್ಮ ಬೀದಿ ಗಣೇಶನಿಗೆ ಬಾಡಿಗೆ ಸೆಟ್ ತಂದಿದ್ವಿ. ಆಂಪ್ ಮುಂದೆ ಒಂದು ಕೆಂಪು ದೀಪ ಸತತವಾಗಿ ಉರೀತಿತ್ತು. ಅದು ಅಲಂಕಾರ ಅಂದ್ಕೊಂಡು ನಾನು ವಾಲ್ಯೂಮ್ ಇನ್ನೂ ಏರಿಸಿದೆ. ಒಂಬತ್ತು ಗಂಟೆ ಹೊತ್ತಿಗೆ ಎರಡೂ ಟ್ವೀಟರ್ ಸತ್ತಿದ್ವು. ಅಡ್ವಾನ್ಸ್ ಹೋಯ್ತು, ಮೇಲೆ ಕೈಯಿಂದ ಕಟ್ಟಿದ್ದು ಬೇರೆ. ಆಮೇಲೆ ಕೂತು ಓದಿದ್ದೇ ಈ ಸರಣಿ. ನಿಮ್ಮ ದುಡ್ಡು ಹಾಗೆ ಹೋಗೋದು ಬೇಡ.

(2/6) ಸದ್ದು ಜಾಸ್ತಿ, ವ್ಯಾಟ್ ಕಮ್ಮಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಧಮ್ ಅಂತ ಇಬ್ಬರು ಎಂಜಿನಿಯರುಗಳಿದ್ದರು. 1915ರ ಕ್ರಿಸ್‌ಮಸ್ ಹಿಂದಿನ ಸಂಜೆ ಅವರು ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲ್ ಮುಂದೆ ತಮ್ಮ 'ಮ್ಯಾಗ್ನಾವಾಕ್ಸ್' ಲೌಡ್‌ಸ್ಪೀಕರ್‌ನಲ್ಲಿ ಹಾಡು ಕೇಳಿಸಿದರು. ಆ ಹೆಸರಿಗೆ ಲ್ಯಾಟಿನ್‌ನಲ್ಲಿ 'ದೊಡ್ಡ ದನಿ' ಅಂತ ಅರ್ಥ. 1919ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದಲ್ಲಿ ಇವರದೇ ಯಂತ್ರದಿಂದ ಸಾವಿರಾರು ಜನರಿಗೆ ಭಾಷಣ ಮಾಡಿದರು.

ಆಗ ಇದ್ದ ವಿದ್ಯುತ್ ಶಕ್ತಿ ಇಂದಿನ ಲೆಕ್ಕದಲ್ಲಿ ಬಹಳ ಕಮ್ಮಿ. ವಾಲ್ವ್ ದುಬಾರಿ, ವ್ಯಾಟ್ ಚಿನ್ನದ ಹಾಗೆ. ಅದಕ್ಕೇ ಸ್ಪೀಕರ್‌ಗೆ ದೊಡ್ಡ ಕಹಳೆ ಕಟ್ಟಿ ಇದ್ದಷ್ಟು ಶಕ್ತಿಯನ್ನೇ ಗಾಳಿಗೆ ದಾಟಿಸುತ್ತಿದ್ದರು. ನಮ್ಮ ಟೆಂಟ್ ಸಿನಿಮಾದ ಹಾರ್ನ್ ನೆನಪಿಸಿಕೊಳ್ಳಿ, ಇಲ್ಲಾಂದ್ರೆ ಮನೇಲಿ ಅಜ್ಜನನ್ನ ಕೇಳಿ. ಆಟ ಶುರುವಾಗೋ ಮುಂಚೆ ಹಾಕಿದ ಹಾಡು ಪಕ್ಕದ ಹಳ್ಳಿಗೂ ಕೇಳುತ್ತಿತ್ತು. ಗಾಂಧಿ, ನೆಹರೂ ಭಾಷಣದ ಹಳೇ ಫೋಟೋಗಳಲ್ಲಿ ಮೈಕ್ ಮೇಲೆ 'ಶಿಕಾಗೋ ರೇಡಿಯೋ' ಅಂತ ಕಾಣುತ್ತಲ್ಲ, ಅದು ಬಾಂಬೆಯ ನಾನಿಕ್ ಮೋಟ್ವಾನೆ ಅವರ ಕಂಪನಿ. ಕಾಂಗ್ರೆಸ್ ಸಭೆಗಳಿಗೆ ಲೌಡ್‌ಸ್ಪೀಕರ್ ಒದಗಿಸಿದ್ದು ಅವರೇ.

ಇಲ್ಲಿಂದ ಕಲಿಯೋದು: ಸದ್ದು ಹುಟ್ಟೋದು ಆಂಪ್ ಒಂದರಿಂದಲೇ ಅಲ್ಲ. ಸ್ಪೀಕರ್ ಹಿಂದೆ "97 ಡೆಸಿಬಲ್, 1 ವ್ಯಾಟ್, 1 ಮೀಟರ್" ಅಂತ ಬರೆದಿರುತ್ತೆ. ಅದೇ ಸೆನ್ಸಿಟಿವಿಟಿ. ವ್ಯಾಟ್ ದುಪ್ಪಟ್ಟಾದರೆ ಸಿಗೋದು ಬರೀ 3 ಡೆಸಿಬಲ್. ಅಂದ್ರೆ 91 ಡೆಸಿಬಲ್‌ನ ಪೆಟ್ಟಿಗೆ 97ರ ಪೆಟ್ಟಿಗೆಯಷ್ಟು ಕೂಗಬೇಕಾದರೆ ನಾಲ್ಕು ಪಟ್ಟು ವ್ಯಾಟ್ ಬೇಕು.

(3/6) ಒಂದೇ ಕೈಯಲ್ಲಿದ್ದ ಜೋಡಿ

ಮೊಬೈಲ್ ಡಿಸ್ಕೋದ ಅಜ್ಜ ಅಂದ್ರೆ ಜಮೈಕಾದ ಕಿಂಗ್‌ಸ್ಟನ್‌ನ ಸೌಂಡ್ ಸಿಸ್ಟಮ್. 1950ರ ದಶಕದಲ್ಲಿ ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಥರದವರು ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಸಾಗಿಸಿ, ಬಯಲಲ್ಲಿ ರೆಕಾರ್ಡ್ ಹಾಕಿ ಜನರನ್ನ ಕುಣಿಸುತ್ತಿದ್ದರು. ಅವರ ಆಂಪ್‌ಗಳನ್ನ ಊರಿನ ಮೆಕ್ಯಾನಿಕ್‌ಗಳೇ ಕಟ್ಟುತ್ತಿದ್ದರು. ತಾನು ಕಟ್ಟಿದ ಆಂಪ್ ಯಾವ ಪೆಟ್ಟಿಗೆಗೆ ಹೋಗುತ್ತೆ ಅಂತ ಕಟ್ಟಿದವನಿಗೇ ಗೊತ್ತಿರುತ್ತಿತ್ತು. ಜೋಡಿ ಕೂಡಿಸೋ ತಲೆನೋವೇ ಇರಲಿಲ್ಲ.

ಆಮೇಲೆ ಆಂಪ್ ಒಂದು ಕಂಪನಿಯದು, ಸ್ಪೀಕರ್ ಇನ್ನೊಂದರದು ಆಯ್ತು. ಪರಿಚಯವಿಲ್ಲದ ಇಬ್ಬರ ನಡುವೆ ಮಾತಾಡೋಕೆ ಅಂಕೆಗಳು ಬೇಕಾದವು. ಒಂದು ಡೆಸಿಬಲ್, ಇನ್ನೊಂದು ಓಮ್, ಮೂರನೇದು ವ್ಯಾಟ್.

ಓಮ್ ಅಂದ್ರೆ ಸ್ಪೀಕರ್ ಒಡ್ಡೋ ತಡೆ. ವಾಲ್ವ್ ಆಂಪ್ ಹಿಂದೆ 4, 8, 16 ಅಂತ ಬೇರೆ ಬೇರೆ ತುದಿ ಇರುತ್ತಿದ್ದವು, ಸ್ಪೀಕರ್‌ಗೆ ಸರಿಯಾದದ್ದಕ್ಕೆ ಸಿಕ್ಕಿಸಿದರೆ ಆಯ್ತು. 1947ರ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದು ಆಂಪ್ ಒಳಗೆ ಬಂದ ಮೇಲೆ ಭಯವೇ ತಿರುಗಿತು. ವಾಲ್ವ್ ಆಂಪ್‌ಗೆ ಸ್ಪೀಕರ್ ಇಲ್ಲದೆ ಓಡಿಸಿದರೆ ಅಪಾಯ, ಟ್ರಾನ್ಸಿಸ್ಟರ್ ಆಂಪ್‌ಗೆ ಓಮ್ ತೀರಾ ಕಮ್ಮಿಯಾದರೆ ಅಪಾಯ. 8 ಓಮ್‌ನ ಎರಡು ಪೆಟ್ಟಿಗೆ ಒಂದೇ ಚಾನೆಲ್‌ಗೆ ಪ್ಯಾರಲಲ್ ಹಾಕಿದರೆ 4 ಓಮ್. ನಾಲ್ಕು ಹಾಕಿದರೆ 2. ಆಂಪ್ ಹಿಂದೆ "ಕನಿಷ್ಠ 4" ಅಂತ ಇದ್ದು, ನೀವು ಮೂರನೇ ಪೆಟ್ಟಿಗೆ ಸಿಕ್ಕಿಸಿದ್ರೆ ಅದು ಕಾದು ಕಾದು ಕೈಕೊಡುತ್ತೆ.

(4/6) ಸುಳ್ಳು ಕಲಿತ ಅಂಕೆ

ಮೂರು ಅಂಕೆಗಳಲ್ಲಿ ಸುಳ್ಳು ಹೇಳೋಕೆ ಕಲಿತಿದ್ದು ವ್ಯಾಟ್. ಅಮೆರಿಕದಲ್ಲಿ 1960ರ ದಶಕದ ಜಾಹೀರಾತುಗಳಲ್ಲಿ "ಪೀಕ್ ಪವರ್", "ಮ್ಯೂಸಿಕ್ ಪವರ್" ಅಂತ ಒಂದೇ ಆಂಪ್‌ಗೆ ದೊಡ್ಡ ದೊಡ್ಡ ಅಂಕೆ ಅಂಟಿಸುತ್ತಿದ್ದರು. ಕೊನೆಗೆ 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮನೆ ಬಳಕೆಯ ಆಂಪ್‌ಗಳಿಗೆ ನಿಯಮ ತಂತು. ಆಗಿನ ನಿಯಮದಂತೆ ಮೊದಲು ಮೂರನೇ ಒಂದು ಭಾಗದ ಶಕ್ತಿಯಲ್ಲಿ ಒಂದು ಗಂಟೆ ಓಡಿಸಿ ಬಿಸಿ ಮಾಡಬೇಕಿತ್ತು, ಆಮೇಲೆ ನಿರಂತರ ಶಕ್ತಿ ಅಳೆಯಬೇಕಿತ್ತು, ಎಷ್ಟು ಓಮ್‌ಗೆ, ಎಷ್ಟು ವಿಕೃತಿಯೊಂದಿಗೆ ಅನ್ನೋದನ್ನೂ ಹೇಳಬೇಕಿತ್ತು.

ನಮ್ಮಲ್ಲಿ ಆ ರೋಗ 'ಪಿಎಂಪಿಓ' ಅನ್ನೋ ಹೆಸರಲ್ಲಿ ಬಂತು. ಅಪ್ಪನ ಕಾಲದ ಟೇಪ್‌ರೆಕಾರ್ಡರ್ ಮೇಲಿನ ಬಂಗಾರದ ಸ್ಟಿಕ್ಕರ್ ನೋಡಿ. ಅದಕ್ಕೆ ಒಪ್ಪಿತ ಅಳತೆಯ ವಿಧಾನವೇ ಇಲ್ಲ.

ನಿಮ್ಮ 5000 ವ್ಯಾಟನ್ನ ನೀವೇ ಪರೀಕ್ಷೆ ಮಾಡಿ. ಮನೆಯ ದೊಡ್ಡ ಸಾಕೆಟ್ 16 ಆಂಪಿಯರ್, 230 ವೋಲ್ಟ್. ಗುಣಿಸಿದ್ರೆ 3680 ವ್ಯಾಟ್. ಗೋಡೆಯಲ್ಲೇ ಇಲ್ಲದ್ದನ್ನ ಪೆಟ್ಟಿಗೆ ನಿರಂತರವಾಗಿ ಎಲ್ಲಿಂದ ಕೊಡುತ್ತೆ ಹೇಳಿ?

(5/6) ಆ ಕೆಂಪು ದೀಪ

ಆಂಪ್‌ಗೆ ಕೊಡೋಕಾಗದಷ್ಟು ಕೇಳಿದಾಗ ದುಂಡಗಿನ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತೆ. ಇದೇ ಕ್ಲಿಪ್ಪಿಂಗ್. ಹಾಡಿನ ಏರಿಳಿತ ಮಾಯವಾಗಿ ಸರಾಸರಿ ಶಕ್ತಿ ಏರುತ್ತೆ, ಮೂಲ ಹಾಡಲ್ಲಿ ಇಲ್ಲದ ಚೂಪು ಸ್ವರಗಳೂ ಸೇರಿಕೊಳ್ಳುತ್ತವೆ. ಟ್ವೀಟರ್‌ನ ಕೂದಲಿನಂಥ ತಂತಿ ಆ ಬಿಸಿ ತಡೆಯಲ್ಲ. "ಚಿಕ್ಕ ಆಂಪ್ ಸ್ಪೀಕರ್ ಸುಡುತ್ತೆ" ಅಂತಾರಲ್ಲ, ಅದು ಅರ್ಧ ಸತ್ಯ. ಮೆತ್ತಗೆ ಬಾರಿಸಿದ್ರೆ ಚಿಕ್ಕ ಆಂಪ್ ಏನೂ ಮಾಡಲ್ಲ. ಕೆಂಪು ದೀಪ ನೋಡಿಯೂ ಏರಿಸೋ ಕೈ ಸುಡುತ್ತೆ. ನನ್ನದು ಆ ಕೈ.

(6/6) ಈಗ ಅಂಗಡಿಗೆ ಹೋಗಿ

ನಿಮ್ಮ ಸ್ಪೀಕರ್ ಹಿಂದೆ 300/600/1200 ಅಂತ ಮೂರು ಅಂಕೆ ಇದೆ ಅಂದಿದ್ರಿ. ಕ್ರಮವಾಗಿ ನಿರಂತರ, ಪ್ರೋಗ್ರಾಮ್, ಪೀಕ್. ಹಿಡಿಯಬೇಕಾದ್ದು ಮೊದಲನೇದು, 300. ಒಂದೊಂದು ಚಾನೆಲ್‌ಗೆ ಒಂದೊಂದು 8 ಓಮ್ ಪೆಟ್ಟಿಗೆ ಅಂದ್ರೆ, 8 ಓಮ್‌ನಲ್ಲಿ ನಿರಂತರ 300ರಿಂದ 450 ವ್ಯಾಟ್ ಕೊಡೋ ಆಂಪ್ ಸಾಕು. ಆ ಮೇಲಿನ ಭಾಗ ಹಾಡಿನ ಏಟು ತಡೆಯೋಕೆ, ಅರ್ಧ ರಾತ್ರಿ ಏರಿಸೋಕಲ್ಲ. ಅದಕ್ಕೇ ಲಿಮಿಟರ್ ಇರೋದು ನೋಡಿ ತಗೊಳ್ಳಿ.

ಲೆಕ್ಕ: 97 ಡೆಸಿಬಲ್‌ನ ಪೆಟ್ಟಿಗೆಗೆ 256 ವ್ಯಾಟ್ ಹೋದರೆ 1 ಮೀಟರ್‌ನಲ್ಲಿ ಸುಮಾರು 121. ಬಯಲಲ್ಲಿ ದೂರ ದುಪ್ಪಟ್ಟಾದಾಗೆಲ್ಲ 6 ಕಳೀರಿ. 8 ಮೀಟರ್‌ಗೆ 103. ಹುಟ್ಟುಹಬ್ಬಕ್ಕೆ ಇದು ಧಾರಾಳ. ಸಾಲದು ಅನ್ನಿಸಿದ್ರೆ ಎರಡು ಪಟ್ಟು ಆಂಪ್ ತರಬೇಡಿ, ಸಿಗೋದು 3 ಡೆಸಿಬಲ್ ಮಾತ್ರ. ಅದೇ ದುಡ್ಡಿಗೆ ಇನ್ನೂ ಸೂಕ್ಷ್ಮ ಸ್ಪೀಕರ್ ನೋಡಿ.

ಇನ್ನೊಂದು ಮಾತು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲೌಡ್‌ಸ್ಪೀಕರ್‌ಗೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಾಕೋ ಹಾಗಿಲ್ಲ. ಹಬ್ಬಗಳಿಗೆ ರಾಜ್ಯ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಪಕ್ಕದ ಮನೇಲಿ ಪರೀಕ್ಷೆಗೆ ಓದೋ ಹುಡುಗಿ ಇರ್ತಾಳೆ, ಮಲಗಬೇಕಾದ ಅಜ್ಜಿ ಇರ್ತಾರೆ.

ಕಿಂಗ್‌ಸ್ಟನ್ ಮೆಕ್ಯಾನಿಕ್‌ಗೆ ತನ್ನ ಆಂಪ್, ತನ್ನ ಪೆಟ್ಟಿಗೆ ಎರಡೂ ಗೊತ್ತಿತ್ತು. ನಿಮಗೂ ಗೊತ್ತಿರಲಿ. ತಗೊಳ್ಳೋ ಮುಂಚೆ ಆಂಪ್ ಹಿಂಭಾಗದ ಫೋಟೋ ಕಳಿಸಿ, ಒಟ್ಟಿಗೆ ಓದೋಣ. ಮುಂಭಾಗದ ಸ್ಟಿಕ್ಕರ್ ಫೋಟೋ ಬೇಡ.

#ಸದ್ದಿನಚರಿತ್ರೆ #ಮೈಕ್‌ಸೆಟ್ #ಕನ್ನಡದಲ್ಲಿಇತಿಹಾಸ